ಸ್ಪ್ಯಾನಿಷ್ ಭೂತಕಾಲವೂ ಆಂದ್ರೇಸ್ ಬೆಯೋನ ವ್ಯಾಕರಣವೂ

ಸ್ಪ್ಯಾನಿಷ್ ಭಾಷೆಯಲ್ಲಿ ಭೂತಕಾಲಕ್ಕೆ ಹಲವು ರೂಪಗಳುಂಟು. ‘ಕಾಂತೆ’ ಎಂದರೆ ಹಾಡಿದೆನು. ‘ಕಾಂತಾಬಾ’ ಎಂದರೆ ಹಾಡುತ್ತಿದ್ದೆನು. ‘ಎ ಕಾಂತಾದೊ’ ಎಂದರೆ ಹಾಡಿದ್ದೇನೆ. ಮೊದಲೆರಡು ಲ್ಯಾಟಿನ್ನಿನಿಂದ ನೇರವಾಗಿ ಇಳಿದುಬಂದವು. ಮೂರನೆಯದು ‘ಹೊಂದು’ ಎಂಬರ್ಥದ ಧಾತುವು ಸಹಾಯಕ ಕ್ರಿಯಾಪದವಾಗಿ ಪರಿಣಮಿಸಿದುದರಿಂದ ಉಂಟಾಯಿತು.

ಲ್ಯಾಟಿನ್ ಸಂಪ್ರದಾಯವನ್ನು ಅನುಸರಿಸಿದ ವೈಯಾಕರಣರು ಎರಡನೆಯ ರೂಪವನ್ನು ‘ಅಪೂರ್ಣಭೂತ’ವೆಂದು ಕರೆದರು. 1781ರಲ್ಲಿ ಕರಾಕಸ್ ನಗರದಲ್ಲಿ ಜನಿಸಿ ಚಿಲಿಯಲ್ಲಿ ನೆಲೆಸಿದ ಆಂದ್ರೇಸ್ ಬೆಯೋ ಈ ಹೆಸರನ್ನು ಒಪ್ಪಲಿಲ್ಲ. 1841ರಲ್ಲಿ ಪ್ರಕಟವಾದ ಕಾಲವಿವೇಚನೆಯಲ್ಲಿಯೂ 1847ರ ವ್ಯಾಕರಣದಲ್ಲಿಯೂ ಆತನು ಕಾಲಗಳನ್ನು ಪರಸ್ಪರ ಸಂಬಂಧದಿಂದ ವಿವರಿಸಿದನು. ‘ನಾನು ಬಂದಾಗ ಆಕೆ ಹಾಡುತ್ತಿದ್ದಳು’ ಎಂಬಲ್ಲಿ ಹಾಡುವಿಕೆಯು ಬರುವಿಕೆಯೊಡನೆ ಏಕಕಾಲದಲ್ಲಿರುವುದೇ ಮುಖ್ಯಾರ್ಥ. ಆದುದರಿಂದ ಅದು ‘ಸಹಭೂತ’. ವರ್ತಮಾನಕ್ಕೆ ಹಿಂದಿನದಾಗಿ ಅದರೊಡನೆ ನಂಟುಳ್ಳ ಮೂರನೆಯ ರೂಪ ‘ಪೂರ್ವವರ್ತಮಾನ’.

ಈ ಹೆಸರುಗಳ ಜಿಜ್ಞಾಸೆ ಕೇವಲ ಪಾಂಡಿತ್ಯವಿನೋದವಾಗಿರಲಿಲ್ಲ. ಸ್ಪೇನಿನಿಂದ ಬಿಡುಗಡೆ ಹೊಂದಿದ ಅಮೆರಿಕದ ರಾಷ್ಟ್ರಗಳಲ್ಲಿ, ಹಿಂದೆ ಲ್ಯಾಟಿನ್ ಒಡೆದಂತೆ, ತಮ್ಮ ನುಡಿಯೂ ಒಡೆದೀತೆಂಬ ಭಯ ಬೆಯೋನಿಗಿತ್ತು. ಬಳಕೆಯಲ್ಲಿ ಭೇದವುಂಟು: ಇಂದು ಬೆಳಿಗ್ಗೆ ಉಂಡುದನ್ನು ಹೇಳುವಾಗ ಮ್ಯಾಡ್ರಿಡ್ ನಿವಾಸಿಯು ಸಾಮಾನ್ಯವಾಗಿ ಮೂರನೆಯ ರೂಪವನ್ನು ಆಯ್ದರೆ, ಮೆಕ್ಸಿಕೊದವನು ಮೊದಲನೆಯದನ್ನು ಆಯುತ್ತಾನೆ. ಇಂತಹ ಆಯ್ಕೆಯನ್ನು ಲ್ಯಾಟಿನ್ನಿನ ಅಚ್ಚಿನಿಂದ ಅಳೆಯದೆ, ಆ ಭಾಷೆಯೊಳಗಿನ ಸಂಬಂಧಗಳಿಂದಲೇ ಅರಿಯಬೇಕೆಂಬುದು ಆತನ ಪಕ್ಷ. 2009ರಲ್ಲಿ ಸ್ಪ್ಯಾನಿಷ್ ಅಕಾಡೆಮಿಗಳು ಹೊರತಂದ ನೂತನ ವ್ಯಾಕರಣವು ಹಳೆಯ ಹೆಸರುಗಳ ಜೊತೆಗೆ ಬೆಯೋನ ಹೆಸರುಗಳನ್ನೂ ಕೊಟ್ಟಿದೆ. ಒಂದು ಭಾಷೆಯನ್ನು ಮತ್ತೊಂದರ ಅಳತೆಗೋಲಿನಿಂದ ನೋಡುವವರೆಲ್ಲರಿಗೂ ಈ ವೃತ್ತಾಂತವು ಚಿಂತನಾರ್ಹವಾಗಿದೆ.