ಊಟದ ಕೊನೆಗೆ ಬಂದ ಕೊಕ್ಕೊ

ನಮ್ಮ ಕಡೆ ಪೆಪ್ಪರ್‌ಮಿಂಟು ಅಂದ್ರೆ ಪುದೀನದ ರುಚಿಯೇ ಇರಬೇಕು ಅಂತೇನಿಲ್ಲ. ಅಂಗಡಿಯ ಗಾಜಿನ ಭರಣಿಯೊಳಗಿದ್ದ ಕಿತ್ತಳೆ ತೊಳೆಯಂಥದ್ದೂ ಪೆಪ್ಪರ್‌ಮಿಂಟೇ, ಶುಂಠಿಯದ್ದೂ ಪೆಪ್ಪರ್‌ಮಿಂಟೇ, ಬಣ್ಣದ ಗೋಲಿಯಂಥದ್ದೂ ಪೆಪ್ಪರ್‌ಮಿಂಟೇ. ಇಂಗ್ಲಿಷಿನವರು ಒಂದು ಗಿಡಕ್ಕೆ ಇಟ್ಟ ಹೆಸರನ್ನು ನಾವು ಬಾಯಲ್ಲಿ ಕರಗುವ ಸಿಹಿಗೆಲ್ಲ ಇಟ್ಟುಬಿಟ್ಟೆವು. ಹಾಗೆ ನೋಡಿದರೆ ಗಿಡ ನೋಡೋದಕ್ಕೆ ಮೊದಲೇ ಅದರ ಹೆಸರು ನಮ್ಮ ಬಾಯಿಗೆ ಬಂದಿತ್ತು.

ಚಾಕಲೇಟಿನದ್ದು ಇದಕ್ಕೆ ತಿರುಗಾಮುರುಗ. ಅದರ ಹಣ್ಣನ್ನು ನಾನು ಮೊದಲು ಚೀಪಿದ್ದು, ಚಾಕಲೇಟು ತಿಂದದ್ದು ಎಷ್ಟೋ ವರ್ಷ ಆದ ಮೇಲೆ. ನನ್ನ ತವರು ಘಟ್ಟದ ಕೆಳಗೆ, ಪುತ್ತೂರಿನ ಕಡೆ. ಅಡಿಕೆ ತೋಟದ ನಡುವೆ ಕೊಕ್ಕೊ ಗಿಡಗಳಿದ್ದವು. ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯಿ, ಹಣ್ಣಾದರೆ ಹಳದಿ. ಒಡೆದರೆ ಒಳಗೆ ಮೂವತ್ತು ನಲವತ್ತು ಬೀಜ, ಅದರ ಸುತ್ತ ಬೆಳ್ಳಗಿನ ಲೋಳೆ. ಆ ಲೋಳೆಯನ್ನು ಚೀಪಿ ಬೀಜ ಉಗಿಯೋದು ಮಕ್ಕಳಾದ ನಮ್ಮ ಕೆಲಸ, ಉಗಿದ ಬೀಜವನ್ನೂ ಬಿಡದೆ ಬುಟ್ಟಿಗೆ ಹಾಕಿಸೋದು ಅಮ್ಮನ ಕೆಲಸ. ಬಾಯಿ ತೆಗೆದರೆ ದುಡ್ಡು ಬೀಳ್ತದೆ ಅಂತ ಅಜ್ಜಿ ನಗ್ತಿದ್ರು.

ಮದುವೆಯಾಗಿ ಚಾರ್ಮಾಡಿ ಹತ್ತಿ ಗೋಣಿಬೀಡಿಗೆ ಬಂದ ಮೇಲೆ ಕೊಕ್ಕೊ ಹೋಗಿ ಕಾಫಿ ಬಂತು. ಇಲ್ಲಿ ಕಾಫಿ, ಮೆಣಸು, ಏಲಕ್ಕಿ. ನೆಂಟರು ಬಂದರೆ ಗಸಗಸೆ ಪಾಯಸ, ಹೋಳಿಗೆ. ಈಗ ಬೆಂಗಳೂರಿಂದ ಬರೋ ಮಕ್ಕಳು, ಅವರ ಸ್ನೇಹಿತರು ಎರಡನೇ ಹೋಳಿಗೆಗೇ ಕೈ ಅಡ್ಡ ಹಿಡೀತಾರೆ. ಆದ್ದರಿಂದ ನಾನು ಚಾಕಲೇಟು ಪುದೀನದ ಪುಡ್ಡಿಂಗ್ ಮಾಡಲು ಶುರು ಮಾಡಿದೆ. ಹೋದ ಸಲ ಬಂದ ನೆಂಟರಲ್ಲೊಬ್ಬರು ಬಟ್ಟಲು ಖಾಲಿ ಮಾಡಿ, "ಇದೆಲ್ಲ ಫಾರಿನ್ ಐಟಂ, ಈ ಹಳ್ಳಿಯಲ್ಲಿ ಎಲ್ಲಿ ಕಲಿತ್ರಿ ಅತ್ತೆ?" ಅಂದರು. ಹೊಗಳಿಕೆಗೇ ಹೇಳಿದ್ದು, ಬೇಜಾರಿಲ್ಲ. ಆದರೆ ಆ ಫಾರಿನ್ ಅನ್ನೋ ಮಾತು ಎಷ್ಟು ನಿಜ ಅಂತ ಯೋಚಿಸ್ತಾ ಕೂತರೆ ಅರ್ಧ ನಿಜ, ಅರ್ಧ ಸುಳ್ಳು.

ನಿಜದ ಅರ್ಧ ಮೊದಲು ಹೇಳ್ತೇನೆ. ಕೊಕ್ಕೊ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನದು. ಮೆಕ್ಸಿಕೊ ಕಡೆಯ ಮಾಯಾ, ಅಜ್ಟೆಕ್ ಜನ ಅದರ ಬೀಜವನ್ನು ಹುರಿದು, ಅರೆದು, ಕೆಲವೊಮ್ಮೆ ಮೆಣಸಿನಕಾಯಿಯನ್ನೂ ಸೇರಿಸಿ ನೊರೆ ಬರಿಸಿ ಕುಡೀತಿದ್ರು. ಬೀಜವೇ ಅವರಿಗೆ ಚಿಲ್ಲರೆ ಕಾಸೂ ಆಗಿತ್ತು. ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದ ಮೇಲೆ ಸಕ್ಕರೆ ಕೂಡಿತು. ಆದರೂ ಎಷ್ಟೋ ಕಾಲ ಅದು ಕುಡಿಯುವ ಪದಾರ್ಥವೇ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಎಂಬವರು ಬೀಜದ ಬೆಣ್ಣೆಯನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಕ್ಕು ಪಡೆದರು. ನಮ್ಮ ಡಬ್ಬಿಯ ಕೊಕೊ ಪೌಡರ್ ಹುಟ್ಟಿದ್ದು ಹಾಗೆ. ಹಿಂಡಿದ ಬೆಣ್ಣೆಯನ್ನೇ ಮತ್ತೆ ಪುಡಿ, ಸಕ್ಕರೆ ಜೊತೆ ಸೇರಿಸಿ 1847ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಫ್ರೈ ಕಂಪನಿ ಕಚ್ಚಿ ತಿನ್ನುವ ಚಾಕಲೇಟು ಮಾಡಿತು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲಿನ ಚಾಕಲೇಟು ಮಾಡಿದರು.

ಪೆಪ್ಪರ್‌ಮಿಂಟ್ ಗಿಡವೂ ಅಲ್ಲಿಯದೇ. ಎರಡು ಜಾತಿಯ ಪುದೀನ ಕೂಡಿ ಹುಟ್ಟಿದ ಮಿಶ್ರತಳಿ ಅದು. 17ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಸಸ್ಯಶಾಸ್ತ್ರಿ ಜಾನ್ ರೇ ಅದನ್ನು ಬೇರೆಯದೆಂದು ಗುರುತಿಸಿ ಬರೆದರು. ಊಟ ಆದ ಮೇಲೆ ಹೊಟ್ಟೆ ಹಗುರಾಗಲಿ, ಬಾಯಿ ತಿಳಿಯಾಗಲಿ ಅಂತ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಳ್ಳೋದು ಅವರ ರೂಢಿ. 1962ರಲ್ಲಿ ಯಾರ್ಕ್ ಊರಿನ ರೌನ್‌ಟ್ರೀ ಕಂಪನಿ ಪೆಪ್ಪರ್‌ಮಿಂಟ್ ಕೆನೆಗೆ ತೆಳು ಚಾಕಲೇಟು ಹೊದಿಸಿ 'ಆಫ್ಟರ್ ಎಯ್ಟ್' ಅಂತ ಮಾರಿತು. ಹೆಸರಲ್ಲೇ ಇದೆ ನೋಡಿ, ರಾತ್ರಿ ಎಂಟರ ಮೇಲೆ, ಊಟ ಮುಗಿದ ಮೇಲೆ ನೆಂಟರ ಮುಂದೆ ಹಿಡಿಯೋದಕ್ಕೆ ಅಂತ. ನಮ್ಮ ವೀಳ್ಯದ ತಟ್ಟೆಯದ್ದೂ ಇದೇ ಕೆಲಸ ಅಲ್ವಾ? ಉಂಡವರು ಎದ್ದು ಹೋಗದೆ ಇನ್ನೊಂದು ಗಳಿಗೆ ಕೂತು ಮಾತಾಡಲಿ ಅನ್ನೋದು.

ವೀಳ್ಯದ ಅಡಿಕೆ ಇಲ್ಲದಿದ್ದರೆ ನಮ್ಮಲ್ಲಿ ಕೊಕ್ಕೊ ಬೇರೂರುತ್ತಲೇ ಇರಲಿಲ್ಲ. ಸುಳ್ಳಿನ ಅರ್ಧ ಶುರುವಾಗೋದು ಇಲ್ಲಿಂದ. ಈಸ್ಟ್ ಇಂಡಿಯಾ ಕಂಪನಿಯವರು 1798ರಲ್ಲೇ ಅಂಬೊಯ್ನಾ ದ್ವೀಪದಿಂದ ತಂದು ತಮಿಳುನಾಡಿನ ಕುಟ್ರಾಲಂನಲ್ಲಿ ಕೊಕ್ಕೊ ನೆಟ್ಟಿದ್ದರು. ಅದು ಹಬ್ಬಲಿಲ್ಲ. ಬೆಳೆಯಾಗಿ ಬಂದದ್ದು 1960ರ ದಶಕದಲ್ಲಿ. ಕ್ಯಾಡ್‌ಬರಿ ಕಂಪನಿ 1965ರಲ್ಲಿ ವಯನಾಡಿನ ಚುಂಡೇಲ್‌ನಲ್ಲಿ ಮಾದರಿ ತೋಟ ಮಾಡಿತು. ಕೊಕ್ಕೊಗೆ ನೆರಳು ಬೇಕು, ತೇವ ಬೇಕು, ಗಾಳಿಯ ಹೊಡೆತ ಆಗೋದಿಲ್ಲ. ಅಡಿಕೆ, ತೆಂಗಿನ ತೋಟದ ಕೆಳಗೆ ಇದೆಲ್ಲ ಇರುತ್ತದೆ. ಅಡಿಕೆಗೆ ಬಿಡುವ ನೀರಲ್ಲೇ ಅದೂ ಬದುಕುತ್ತದೆ, ಉದುರಿಸುವ ಎಲೆ ತೋಟಕ್ಕೇ ಗೊಬ್ಬರ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಕೇಂದ್ರದವರು ವಿಟ್ಲದಲ್ಲಿ ಇದರ ಮೇಲೆ ಸಂಶೋಧನೆ ಮಾಡಿ ತಳಿಗಳನ್ನೂ ಕೊಟ್ಟರು. ದಕ್ಷಿಣ ಕನ್ನಡದಲ್ಲಿ, ಕೇರಳದಲ್ಲಿ ಮನೆಮನೆಯಲ್ಲಿ ಕೊಕ್ಕೊ ನೆಟ್ಟರು. ಅಪ್ಪನೂ ನೆಟ್ಟರು.

1970ರ ದಶಕದ ಕೊನೆ, 80ರ ಶುರು. ಹೊರದೇಶದಲ್ಲಿ ಕೊಕ್ಕೊ ಬೆಲೆ ಬಿತ್ತು, ಇಲ್ಲಿ ಕೊಳ್ಳುವವರು ಹಿಂದೆ ಸರಿದರು. ನಂಗಾಗ ಹತ್ತರ ಹತ್ತಿರ ವಯಸ್ಸು. ಕೊಕ್ಕೊ ಅಡಿಕೆ ಹಾಗೆ ಒಣಗಿಸಿ ಅಟ್ಟದಲ್ಲಿಟ್ಟು ಬೆಲೆ ಕಾಯುವ ಬೆಳೆ ಅಲ್ಲ. ಹಣ್ಣು ಒಡೆದ ಮೇಲೆ ಹಸಿಬೀಜವನ್ನು ರಾಶಿ ಹಾಕಿ ಐದಾರು ದಿನ ಹುಳಿ ಬರಿಸಬೇಕು, ನಡುವೆ ಮಗುಚಬೇಕು, ಆಮೇಲೆ ಒಣಗಿಸಬೇಕು. ಹುಳಿ ಬರದಿದ್ದರೆ ಎಷ್ಟು ಹುರಿದರೂ ಚಾಕಲೇಟಿನ ಪರಿಮಳ ಬರೋದಿಲ್ಲ. ಮಳೆಗಾಲದಲ್ಲಿ ಮನೆಯಲ್ಲಿ ಇಟ್ಟುಕೊಂಡರೆ ಬೂಸ್ಟು. ಅದಕ್ಕೇ ಹಸಿಬೀಜ ಕೊಳ್ಳುವವರು ಬಂದರೆ ದುಡ್ಡು, ಬಾರದಿದ್ದರೆ ಗೊಬ್ಬರದ ಗುಂಡಿ. ಅಳಿಲಿಗೂ ಇಲಿಗೂ ಮಾತ್ರ ಹಬ್ಬ.

ಕಡೆಗೊಂದು ದಿನ ಅಪ್ಪ ಕತ್ತಿ ತಗೊಂಡು ತೋಟಕ್ಕೆ ಹೋದರು. ಕಾಯಿ ಇದ್ದ ಹಾಗೇ ಗಿಡ ಕಡಿದರು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವರ ಲೆಕ್ಕದ ಪುಸ್ತಕ ಈಗ ನನ್ನ ಹತ್ರ ಇದೆ. "ಕೊಕ್ಕೊ" ಅಂತ ಮೇಲೆ ಬರೆದು ಅಡಿಗೆರೆ ಎಳೆದ ಪುಟಗಳು ಸಾಲಾಗಿ ಇವೆ. ಆಮೇಲೆ ಒಂದು ಪುಟ, ತಲೆಬರಹ ಇದೆ, ಕೆಳಗೆ ಏನೂ ಇಲ್ಲ. ಆ ಕಾಲದಲ್ಲಿ ಹೀಗೆ ಕಡಿದವರು ಅಪ್ಪ ಒಬ್ಬರೇ ಅಲ್ಲ, ಎಷ್ಟೋ ತೋಟದಲ್ಲಿ ಇದೇ ಆಯಿತು.

ಕಡಿಯದೆ ಉಳಿದವರ ಕೊಕ್ಕೊಗೆ ದಾರಿ ಮಾಡಿದ್ದು ಕ್ಯಾಂಪ್ಕೊ. 1970ರ ನಂತರ ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಸೇರಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಅಡಿಕೆಗಾಗಿ ಹುಟ್ಟಿದ ಸಂಸ್ಥೆ ಕೊಕ್ಕೊವನ್ನೂ ಕೊಳ್ಳಲು ಮುಂದಾಯಿತು. ಬರೀ ಕೊಂಡರೆ ಸಾಲದು, ಕೊಂಡದ್ದನ್ನು ಎಂತ ಮಾಡೋದು? ಬೀಜ ಮಾರುವವರಾಗಿಯೇ ಉಳಿದರೆ ಮತ್ತೆ ಇನ್ನೊಬ್ಬರು ಹೇಳಿದ ಬೆಲೆಗೇ ಕಾಯಬೇಕು. ಆದ್ದರಿಂದ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಕಟ್ಟಿದರು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜ್ಞಾನಿ ಜೈಲ್‌ಸಿಂಗ್ ಬಂದು ಉದ್ಘಾಟಿಸಿದರು. ನಾನಾಗ ಪಿಯುಸಿ. ರಾಷ್ಟ್ರಪತಿ ನಮ್ಮೂರಿಗೆ ಬರ್ತಾರೆ ಅನ್ನೋದೇ ಆಗ ಎಲ್ಲರ ಬಾಯಲ್ಲಿ. ಅಪ್ಪ ಮಾತ್ರ, "ಇನ್ನು ನಾಲ್ಕೈದು ವರ್ಷ ಮೊದಲು ಆಗಬೇಕಿತ್ತು" ಅಂದರು. ಅಷ್ಟೇ.

ಅಡಿಕೆ ಬೆಳೆಯುವವರು, ಪಾಣಿಪಂಚೆ ಉಟ್ಟು ತೋಟ ಸುತ್ತುವವರು ಸೇರಿ ಚಾಕಲೇಟು ಮಾಡಿ ದೊಡ್ಡ ಕಂಪನಿಗಳ ಎದುರು ಅಂಗಡಿಯಲ್ಲಿಟ್ಟರು ಅನ್ನೋದು ಸಣ್ಣ ವಿಷಯ ಅಲ್ಲ. ಮೆಲ್ಟೊ, ವಿನ್ನರ್ ಅಂತ ನೀವು ಕೊಳ್ಳೋದು ಆ ಕಾರ್ಖಾನೆಯದ್ದೇ. 2024ರಲ್ಲಿ ಘಾನಾ, ಐವರಿ ಕೋಸ್ಟ್‌ನಲ್ಲಿ ಬೆಳೆ ಕೈಕೊಟ್ಟು ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿತು. ಆಗ ತವರಿನ ಕಡೆ ಮತ್ತೆ ಗಿಡ ನೆಡುವ ಮಾತು. ಆಮೇಲೆ ಬೆಲೆ ಮತ್ತೆ ಇಳಿಯಿತು. ಕಾಫಿ ಬೆಳೆಯುವ ನಮ್ಮೂರಿನವರಿಗೆ ಈ ಏರಿಳಿತ ಹೊಸದಲ್ಲ. ಎಲ್ಲೋ ದೂರದ ದೇಶದಲ್ಲಿ ಮಳೆ ಬಂತೋ ಇಲ್ಲವೋ ಅನ್ನೋದರ ಮೇಲೆ ನಮ್ಮ ಮನೆಯ ಮದುವೆ ನಿಲ್ತದೆ.

ಇನ್ನು ಪುದೀನ. ಹೆಸರು ಪಾರ್ಸಿ ಭಾಷೆಯಿಂದ ಬಂದದ್ದು. ನಮ್ಮ ಹಳೇ ಅಡುಗೆಯಲ್ಲಿ ದೊಡ್ಡಪತ್ರೆ, ಒಂದೆಲಗ ಇತ್ತು, ಪುದೀನ ಇರಲಿಲ್ಲ. ಪಲಾವಿನ ಜೊತೆ ಒಳಗೆ ಬಂತು, ಈಗ ಬಚ್ಚಲ ನೀರು ಹರಿಯುವಲ್ಲಿ ಬೇಡ ಅಂದರೂ ಹಬ್ಬುತ್ತದೆ. ಬಾಯಿ ತಣ್ಣಗಾಗೋದು ಎಂತಕ್ಕೆ ಅಂದ್ರೆ, ಮೆಂಥಾಲ್ ತಾಗಿದಾಗ ನಾಲಿಗೆಯಲ್ಲಿ ಚಳಿ ತಿಳಿಯುವ ನರದ ಬಾಗಿಲೇ ತೆರೆಯುತ್ತದಂತೆ. 2002ರಲ್ಲಿ ಇದನ್ನು ಕಂಡುಹಿಡಿದ ಜೂಲಿಯಸ್, ಪಟಪೂಟಿಯನ್ ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ಅಡುಗೆಗೆ ಬೆಳೆಸುವ ಸ್ಪಿಯರ್‌ಮಿಂಟ್ ಜಾತಿಯಲ್ಲಿ ಮೆಂಥಾಲ್ ಕಮ್ಮಿ. ಹಾಗಾಗಿ ಮನೆಯ ಪುದೀನದಿಂದ ಅಂಗಡಿಯ ಪೆಪ್ಪರ್‌ಮಿಂಟಿನ ಚಳಿ ಬರೋದಿಲ್ಲ, ಹಸಿರು ಪರಿಮಳ ಬರ್ತದೆ. ನಂಗೆ ಇದೇ ಹಿತ.

ಎಂಟು ಜನಕ್ಕೆ ನಾನು ಮಾಡೋದು ಹೀಗೆ. ಅರ್ಧ ಲೀಟರ್ ಗಟ್ಟಿ ಹಾಲು ಕಾಯಿಸಿ ಒಲೆ ಆರಿಸಿ, ತೊಳೆದು ಒರೆಸಿದ ಒಂದು ಹಿಡಿ ಪುದೀನ ಎಲೆ ಹಾಕಿ 20 ನಿಮಿಷ ಮುಚ್ಚಿಡಿ. ಎಲೆಯನ್ನು ಹಾಲಿನಲ್ಲಿ ಕುದಿಸಬೇಡಿ, ಸೊಪ್ಪಿನ ವಾಸನೆ ಬರ್ತದೆ. ಸೋಸಿ. ಅದರಲ್ಲೇ ಒಂದು ಲೋಟ ಹಾಲನ್ನು ಪೂರ್ತಿ ತಣಿಸಿ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಎರಡು ದೊಡ್ಡ ಚಮಚ ಕೊಕೊ ಪೌಡರ್ ಗಂಟಿಲ್ಲದೆ ಕಲಸಿ. ಉಳಿದ ಹಾಲಿಗೆ 75 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಬಿಸಿಗಿಟ್ಟು, ಕಲಸಿದ್ದನ್ನು ಹೊಯ್ದು, ಸೌಟಿಗೆ ಅಂಟುವಷ್ಟು ದಪ್ಪ ಆಗುವವರೆಗೆ ಕೈಬಿಡದೆ ತಿರುವಿ. ಇಳಿಸಿದ ಮೇಲೆ 150 ಗ್ರಾಂ ಕಪ್ಪು ಚಾಕಲೇಟು ಚೂರು, ಕಾಲು ಲೋಟ ಕೆನೆ ಹಾಕಿ ಹೊಳಪು ಬರುವವರೆಗೆ ಕಲಸಿ. ಸಣ್ಣ ಬಟ್ಟಲುಗಳಿಗೆ ಹಾಕಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಬಟ್ಟಲು ಸಣ್ಣದೇ ಇರಲಿ, ಇದು ಭಾರದ ಸಿಹಿ.

ಚಾಕಲೇಟು ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ. ಕೊಕೊ ಬಟರ್ ಅಂತ ಇದ್ದರೆ ಅದು ಬೀಜದ ಬೆಣ್ಣೆ. ಬೇರೆ ವನಸ್ಪತಿ ಕೊಬ್ಬು ಅಂತಿದ್ದರೆ ಅದು ಕಾಂಪೌಂಡ್, ಅಗ್ಗ, ನಾಲಿಗೆ ಮೇಲೆ ಮೇಣದ ಹಾಗೆ ಉಳಿಯುತ್ತದೆ. ಬೆಣ್ಣೆ ಬದಲಾದಷ್ಟೂ ಬೆಳೆಗಾರನ ಬೀಜಕ್ಕೆ ಬೇಡಿಕೆ ಕಮ್ಮಿ ಅನ್ನೋದೂ ನೆನಪಿರಲಿ. ನಿಮ್ಮ ಮನೆಯ ಹಳೇ ಲೆಕ್ಕದ ಪುಸ್ತಕದಲ್ಲೂ ಕೊಕ್ಕೊದ ಪುಟ ಇದ್ದೀತು. ಗೆದ್ದಲು ಹಿಡಿಯುವ ಮೊದಲು ತೆಗೆದು ನೋಡಿ, ಯಾವ ವರ್ಷ ಶುರು, ಯಾವ ವರ್ಷ ನಿಂತಿತು ಅಂತ ಮಕ್ಕಳಿಗೆ ಓದಿ ಹೇಳಿ. ಬಟ್ಟಲಲ್ಲಿರೋದು ಫಾರಿನ್ನಾ, ನಮ್ಮದಾ ಅಂತ ಅವರೇ ಹೇಳಲಿ.