ಯಡ್ತರೆ-ಬೈಂದೂರು: ಘಟ್ಟದ ದಾರಿಯ ಊರು, ಅದರ ಹಳೆಯ ಕಸುಬುಗಳು

ಕರಾವಳಿಯ ಇತಿಹಾಸವನ್ನು ಬರೆದ ವಿದ್ವಾಂಸರ ದೃಷ್ಟಿ ಬಾರಕೂರು, ಬಸರೂರುಗಳಂತಹ ರಾಜಧಾನಿ-ರೇವುಪಟ್ಟಣಗಳಲ್ಲಿ ನಿಂತಷ್ಟು ಹೊತ್ತು ಸಣ್ಣ ಊರುಗಳಲ್ಲಿ ನಿಂತಿಲ್ಲ. ಬೈಂದೂರಿಗೆ ಅಂಟಿಕೊಂಡಿರುವ ಯಡ್ತರೆ ಅಂತಹದೊಂದು ಊರು. ಕಡಲತೀರದ ಹೆದ್ದಾರಿಯನ್ನು ಬಿಟ್ಟು ಕೊಲ್ಲೂರಿನ ಕಡೆಗೆ, ಅಲ್ಲಿಂದ ಘಟ್ಟವೇರಿ ನಗರದ ಕಡೆಗೆ ಹೋಗುವ ದಾರಿ ಇಲ್ಲಿ ಕವಲೊಡೆಯುತ್ತದೆ. ಬೈಂದೂರು-ಯಡ್ತರೆಗಳ ಚರಿತ್ರೆಯನ್ನು ಬೇರ್ಪಡಿಸಿ ಹೇಳಲಾಗದು. ಎರಡನ್ನೂ ಬೆಳೆಸಿದ್ದು, ಒಮ್ಮೊಮ್ಮೆ ಬಡವಾಗಿಸಿದ್ದು, ಈ ಕವಲುದಾರಿಯೇ.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕುಂದಾಪುರದಿಂದ ಭಟ್ಕಳದ ಕಡೆಗೆ ಸಾಗುತ್ತ ಬೈಂದೂರನ್ನು ಕಂಡನು. ಹಿಂದೆ ಇಲ್ಲೊಂದು ಕೋಟೆಯಿತ್ತು, ಊರು ದೊಡ್ಡದಾಗಿತ್ತು, ಅದು ಭೈರಾದೇವಿ ಎಂಬ ಜೈನ ರಾಣಿಗೆ ಸೇರಿತ್ತು, ಶಿವಭಕ್ತರ ದಾಳಿಯಿಂದ ಅದು ಹಾಳಾಯಿತು ಎಂಬ ಮಾತನ್ನು ಅವನು ದಾಖಲಿಸಿದ್ದಾನೆ. ಶಿವಭಕ್ತರೆಂದರೆ ಇಲ್ಲಿ ಇಕ್ಕೇರಿಯ ಅರಸರು. ಕೆಳದಿಯ ಕೀರ್ತಿಯನ್ನು ಕೊಂಡಾಡುವ ನಾವು ಈ ಮಾತನ್ನು ಕಂಡೂ ಕಾಣದಂತೆ ದಾಟಿಹೋಗುವುದು ನ್ಯಾಯವಲ್ಲ.

ಹಾಡುವಳ್ಳಿ-ಗೇರುಸೊಪ್ಪೆಗಳ ಜೈನ ಮನೆತನದಲ್ಲಿ ಭೈರಾದೇವಿ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರು. ಅವರಲ್ಲಿ ಪ್ರಸಿದ್ಧಳು, ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ. 17ನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಆಕೆಯ ರಾಜ್ಯವನ್ನು ಗೆದ್ದುಕೊಂಡನು. ಯುದ್ಧವೆಂದ ಮೇಲೆ ಕೋಟೆ ಬೀಳುತ್ತದೆ, ವರ್ತಕರು ಊರು ಬಿಡುತ್ತಾರೆ. ಬುಕಾನನ್ ಕೇಳಿದ ಮಾತಿನಲ್ಲಿ ಸತ್ಯಾಂಶವಿದೆ ಎಂದೇ ನನ್ನ ಎಣಿಕೆ.

ಆದರೆ ಅವನು ಅದನ್ನು ಕೇಳಿದ್ದು ಸುಮಾರು ಇನ್ನೂರು ವರ್ಷಗಳ ಬಳಿಕ. ಈ ನಡುವೆ ಏನೇನು ನಡೆದುಹೋಯಿತು! ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಬಂದಿತು. 1652ರಿಂದ 1654ರೊಳಗೆ ಶಿವಪ್ಪ ನಾಯಕನು ಬಸರೂರು, ಗಂಗೊಳ್ಳಿ ಮೊದಲಾದ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಡಿಸಿದನು. ಹೀಗೆ ಘಟ್ಟದ ಮೇಲಣ ರಾಜಧಾನಿಗೂ ಕೆಳಗಣ ರೇವುಗಳಿಗೂ ಒಂದೇ ಆಡಳಿತದ ನಂಟು ಬೆಳೆಯಿತು. ಹೊಸಂಗಡಿ, ಕೊಲ್ಲೂರು ಘಟ್ಟಗಳಲ್ಲಿ ಹೇರೆತ್ತುಗಳ ಸಾಲು ಓಡಾಡಿದ್ದು ಈ ನಂಟಿನ ಫಲ. ಮೇಲಿನಿಂದ ಅಡಿಕೆ, ಮೆಣಸು ಇಳಿದರೆ ಕೆಳಗಿನಿಂದ ಉಪ್ಪು, ತೆಂಗು, ಒಣಮೀನು ಏರುತ್ತಿದ್ದವು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದನು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯ ಕುಂದಾಪುರದ ಮೂಲಕ ಘಟ್ಟವೇರಿತು. 1799ರಲ್ಲಿ ಟಿಪ್ಪುವಿನ ರಾಜ್ಯವೂ ಮುಗಿಯಿತು. ಬಿದನೂರು ಬಡವಾದ ಮೇಲೆ ಅದರ ದಾರಿಯ ಊರುಗಳು ಸಿರಿವಂತವಾಗಿ ಉಳಿಯುವುದೆಂತು? ಬುಕಾನನ್ ಕಂಡ ಸೊರಗಿದ ಬೈಂದೂರಿಗೆ ವೆಂಕಟಪ್ಪ ನಾಯಕನೊಬ್ಬನೇ ಕಾರಣನೆಂದರೆ, ಸಮೀಪದ ನಾಲ್ವತ್ತು ವರ್ಷಗಳ ದಂಡಯಾತ್ರೆಗಳನ್ನು ಮರೆತಂತಾಗುತ್ತದೆ. ಒಂದನ್ನು ಗಮನಿಸಬೇಕು: ಊರಿನ ಹಳೆಯ ಸೇನೇಶ್ವರ ದೇಗುಲ ತನ್ನ ಕೆತ್ತನೆಯೊಡನೆ ಇಂದೂ ನಿಂತಿದೆ, ಕೋಟೆಯದು ಕೇವಲ ಮಾತು.

ಕೋಟೆಗಿಂತ ಗಟ್ಟಿಯಾಗಿ ಉಳಿದದ್ದು ಜನರ ಕೈಗಸುಬು. ಅದರಲ್ಲಿ ಮೊದಲನೆಯದು ಅಕ್ಕಿ. ಗೋವೆಯ ಪೋರ್ಚುಗೀಸರೂ ಮಸ್ಕತ್ತಿನ ಅರಬರೂ ಉಂಡದ್ದು ಈ ಕನ್ನಡ ಕರಾವಳಿಯ ಅಕ್ಕಿಯನ್ನು. ಗದ್ದೆಯಲ್ಲಿ ಭತ್ತ ಬೆಳೆದರೆ ಕೆಲಸ ಅರ್ಧವಾಯಿತಷ್ಟೆ. ಅದನ್ನು ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಒನಕೆಯಲ್ಲಿ ಕುಟ್ಟಿ ಕುಚ್ಚಲಕ್ಕಿ ಮಾಡುವುದು ಹೆಂಗಸರ ದುಡಿಮೆ. ಅನಂತರ ಮುಡಿ ಕಟ್ಟುವುದು. ಬೈಹುಲ್ಲನ್ನು ಹರಡಿ, ಅಕ್ಕಿ ಸುರಿದು, ಹುಲ್ಲಿನದೇ ಹಗ್ಗದಿಂದ ಸುತ್ತ ಬಿಗಿದು, ಬಡಿದು ಬಡಿದು ಗುಂಡಗೆ ಮಾಡಿದ ಮುಡಿ ಮಳೆಗಾಲವನ್ನೂ ಹುಳುವನ್ನೂ ತಡೆಯುತ್ತಿತ್ತು. ಸಾಮಾನ್ಯವಾಗಿ 42 ಸೇರಿಗೆ ಒಂದು ಮುಡಿ. ಅದು ಚೀಲವೂ ಹೌದು, ಅಳತೆಯೂ ಹೌದು. ಗೇಣಿಯ ಲೆಕ್ಕವೂ ಮುಡಿಯಲ್ಲೇ. ಶಿವಪ್ಪ ನಾಯಕನ ಶಿಸ್ತಿನಲ್ಲಿ ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ ಉತ್ಪನ್ನದ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ್ದನ್ನು ನಾವು ಹೊಗಳುತ್ತೇವೆ. ಆ ಪಾಲನ್ನು ಕುಟ್ಟಿ ಕಟ್ಟಿಕೊಟ್ಟ ಕೈಗಳ ಲೆಕ್ಕ ಯಾವ ಕಡತದಲ್ಲಿಯೂ ಇಲ್ಲ. ಅಕ್ಕಿಯ ಗಿರಣಿಗಳು ಬಂದು ಒನಕೆ ಮೂಲೆ ಸೇರಿತು. 1974ರ ಭೂಸುಧಾರಣೆಯಿಂದ ಗೇಣಿ ಕೊನೆಗೊಂಡಾಗ ಗೇಣಿಯ ಮುಡಿಯ ಕಾಲವೂ ಮುಗಿಯಿತು. ಉತ್ತವನ ಪಾಲಿಗೆ ಅದು ನಷ್ಟವಲ್ಲ.

ಗಾಣದ ಎಣ್ಣೆ, ಹೊಳೆಯ ಚಿಪ್ಪನ್ನು ಸುಟ್ಟ ಸುಣ್ಣ, ತೆಂಗಿನ ನಾರಿನ ಹಗ್ಗ, ಮುರಕಲ್ಲು ಕಡಿಯುವುದು ಇವೆಲ್ಲ ಕರಾವಳಿಯ ಊರೂರಿನ ಕಸುಬುಗಳು.

ಕಾರ್ಖಾನೆ ಎಂಬ ಮಾತಿಗೆ ಒಪ್ಪುವ ಮೊದಲ ಉದ್ಯಮ ಹಂಚಿನದು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಅದನ್ನು ಆರಂಭಿಸಿದನು. 1886ರಲ್ಲಿ ಮಲ್ಪೆಗೂ ಅದು ಬಂದಿತು. ಮುಂದೆ ಕುಂದಾಪುರದ ಹೊಳೆಬದಿಗಳಲ್ಲಿ ಸ್ಥಳೀಯರೇ ಕಾರ್ಖಾನೆಗಳನ್ನು ಕಟ್ಟಿದರು. ಗದ್ದೆಯ ಜೇಡಿಮಣ್ಣು, ಘಟ್ಟದ ತಪ್ಪಲಿನ ಸೌದೆ, ಸಾಗಿಸಲು ಹೊಳೆ: ಮೂರೂ ಇಲ್ಲಿ ಕೈಗೆಟಕುತ್ತಿದ್ದವು. ವರುಷ ವರುಷ ಸೋಗೆ, ಮುಳಿಹುಲ್ಲು ಹೊದೆಸಿ ಬೆಂಕಿಗೆ ಹೆದರಿ ಬಾಳುತ್ತಿದ್ದ ಮನೆಗಳಿಗೆ ಹಂಚು ಬಂದದ್ದು ಸಣ್ಣ ಸಂಗತಿಯಲ್ಲ. ಕಾಂಕ್ರೀಟಿನ ತಾರಸಿ ಬಂದ ಮೇಲೆ, ಮಣ್ಣೂ ಸೌದೆಯೂ ದುಬಾರಿಯಾದ ಮೇಲೆ, ಅನೇಕ ಕಾರ್ಖಾನೆಗಳ ಚಿಮಣಿಗಳು ತಣ್ಣಗಾದವು.

ಯಡ್ತರೆಯ ಕವಲುದಾರಿ ಮಾತ್ರ ಬರಿದಾಗಲಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡಿತು. ಬೈಂದೂರಿನ ನಿಲ್ದಾಣಕ್ಕೆ ಈಗ ಮೂಕಾಂಬಿಕಾ ರೋಡ್ ಎಂಬ ಹೆಸರೂ ಸೇರಿದೆ. 2018ರಲ್ಲಿ ಬೈಂದೂರು ತಾಲೂಕಾಯಿತು. ಹೇರೆತ್ತುಗಳು ಏರಿದ ದಿಕ್ಕಿನಲ್ಲಿಯೇ ಇಂದು ಕೊಲ್ಲೂರಿನ ಯಾತ್ರಿಕರ ಬಸ್ಸುಗಳು ತಿರುಗುತ್ತವೆ.