ಕಾಂತೀಯ ಉಕ್ಕಿನ ಮೇಲೆ ಯಾಂತ್ರಿಕ ಪೀಡನದ ಪರಿಣಾಮ

ಟ್ರಾನ್ಸ್‌ಫಾರ್ಮರ್, ಮೋಟಾರು, ಜನರೇಟರುಗಳ ಕೋರ್‌ನಲ್ಲಿ ಬಳಸುವ ಉಕ್ಕಿನ ಹಾಳೆಯನ್ನು ಎಳೆದರೆ, ಅದುಮಿದರೆ ಅಥವಾ ಬಾಗಿಸಿದರೆ ಅದರ ಕಾಂತಗುಣ ಬದಲಾಗುತ್ತದೆ. ಕಾಂತೀಕರಿಸಿದ ಕಬ್ಬಿಣದ ಉದ್ದ ವ್ಯತ್ಯಾಸವಾಗುವುದನ್ನು (ಮ್ಯಾಗ್ನೆಟೋಸ್ಟ್ರಿಕ್ಷನ್) ಜೇಮ್ಸ್ ಜೂಲ್ 1842ರಲ್ಲಿ ಕಂಡುಕೊಂಡನು. ಇದರ ವಿಲೋಮ ಪರಿಣಾಮವನ್ನು, ಅಂದರೆ ಪೀಡನದಿಂದ ಕಾಂತಗುಣ ಬದಲಾಗುವುದನ್ನು, 1865ರಲ್ಲಿ ಗುರುತಿಸಿದವನು ಇಟಲಿಯ ಎಮಿಲಿಯೊ ವಿಲಾರಿ.

ಟ್ರಾನ್ಸ್‌ಫಾರ್ಮರಿಗೆ ಸುಮಾರು ಶೇ. 3 ಸಿಲಿಕಾನ್ ಇರುವ, ಸಾಮಾನ್ಯವಾಗಿ 0.23ರಿಂದ 0.30 ಮಿ.ಮೀ. ದಪ್ಪದ ಸಿಆರ್‌ಜಿಒ (ಕೋಲ್ಡ್ ರೋಲ್ಡ್ ಗ್ರೇನ್ ಓರಿಯೆಂಟೆಡ್) ಉಕ್ಕು ಬೇಕು. ಅದರ ಹರಳುಗಳು ಸುಲಭವಾಗಿ ಕಾಂತೀಕರಣಗೊಳ್ಳುವ ದಿಕ್ಕು ಹಾಳೆಯ ಉದ್ದಕ್ಕೇ ಇರುತ್ತದೆ. ಆ ದಿಕ್ಕಿನ ಎಳೆತ ಕಾಂತ ವಲಯಗಳನ್ನು (ಡೊಮೇನ್) ಸಾಲಾಗಿ ಹಿಡಿದಿಡುತ್ತದೆ. ಹಾಳೆಯ ಮೇಲಿನ ನಿರೋಧಕ ಲೇಪನವೂ ಉಕ್ಕನ್ನು ಸದಾ ಸ್ವಲ್ಪ ಎಳೆದಿಡುವಂತೆಯೇ ರೂಪಿತವಾಗಿದೆ. ಸಂಪೀಡನದ ಫಲ ಇದಕ್ಕೆ ವಿರುದ್ಧ. ಕೆಲವೇ ಮೆಗಾಪಾಸ್ಕಲ್ ಸಾಕು, ವಲಯಗಳು ಅಡ್ಡಕ್ಕೆ ತಿರುಗುತ್ತವೆ. ಆಗ ಪ್ರತಿ ಆವರ್ತದಲ್ಲೂ ಅವು 90 ಡಿಗ್ರಿ ಹೊರಳಬೇಕಾಗಿ ಕೋರ್ ನಷ್ಟ ಏರುತ್ತದೆ, 50 ಹರ್ಟ್ಸ್ ಜಾಲದಲ್ಲಿ ಕೇಳಿಬರುವ 100 ಹರ್ಟ್ಸ್ ಗುಂಯ್‌ಗುಡುವಿಕೆಯೂ ಜೋರಾಗುತ್ತದೆ.

ಗುಜರಾತಿನ ಟ್ರಾನ್ಸ್‌ಫಾರ್ಮರ್ ಉದ್ಯಮಕ್ಕೆ ಇದು ಬರಿಯ ಸಿದ್ಧಾಂತವಲ್ಲ. ವಡೋದರಾದ ಮಾಣೇಜಾ, ಅಹಮದಾಬಾದ್ ಬಳಿಯ ಮೊರೈಯಾಗಳಲ್ಲಿ ಭಾರಿ ಟ್ರಾನ್ಸ್‌ಫಾರ್ಮರುಗಳು ತಯಾರಾಗುತ್ತವೆ. ವಡೋದರಾದಲ್ಲೇ ಇರುವ ಇಆರ್‌ಡಿಎ ಸಂಸ್ಥೆ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸುತ್ತದೆ. ಉಕ್ಕಿನ ದರ್ಜೆಯನ್ನು ಹೇಳುವ ನಷ್ಟದ ಅಂಕಿ ಸಾಮಾನ್ಯವಾಗಿ ಎಪ್‌ಸ್ಟೈನ್ ಚೌಕಟ್ಟಿನಲ್ಲಿ ಅಳೆದದ್ದು. ಅಲ್ಲಿಡುವ ಪಟ್ಟಿಗಳನ್ನು ಕತ್ತರಿಸಿದ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನೀಲ್ ಮಾಡಿ ಒಳಪೀಡನ ತೆಗೆದಿರುತ್ತಾರೆ. ಕಾರ್ಖಾನೆಯ ಲ್ಯಾಮಿನೇಷನ್ನಿಗೆ ಆ ಉಪಚಾರ ಬಹುತೇಕ ಸಿಗುವುದಿಲ್ಲ. ಮೊಂಡಾದ ಬ್ಲೇಡು ಅಂಚಿನಲ್ಲಿ ಬರ್ ಎಬ್ಬಿಸಿ ಉಕ್ಕನ್ನು ನಜ್ಜುಗೊಳಿಸುತ್ತದೆ. ಉದ್ದದ ಹಾಳೆ ಎತ್ತುವಾಗ ಜೋತುಬಿದ್ದು ಮಣಿದರೆ ಆ ಬಾಗು ಒಳಗೇ ಉಳಿಯುತ್ತದೆ. ಅಲೆಅಲೆಯಾದ ಹಾಳೆಗಳನ್ನು ಕ್ಲ್ಯಾಂಪ್ ಬಿಗಿದು ಚಪ್ಪಟೆ ಮಾಡಿದರೆ ಹಾಳೆಯ ಒಂದು ಮೈ ಎಳೆತಕ್ಕೂ ಇನ್ನೊಂದು ಸಂಪೀಡನಕ್ಕೂ ಒಳಗಾಗುತ್ತದೆ. ಜೋಡಿಸಿದ ಕೋರ್‌ನ ಪ್ರತಿ ಕಿಲೋ ನಷ್ಟ ಹಾಳೆಯದಕ್ಕಿಂತ ಎಷ್ಟು ಪಟ್ಟು ಎಂಬುದೇ ಬಿಲ್ಡಿಂಗ್ ಫ್ಯಾಕ್ಟರ್. ಅದು ಒಂದನ್ನು ಮೀರುವುದಕ್ಕೆ ಮೂಲೆಯ ಕೀಲುಗಳಲ್ಲಿ ಫ್ಲಕ್ಸ್ ತಿರುಗುವುದೂ ಕಾರಣವಾದ್ದರಿಂದ, ಹೆಚ್ಚಳವನ್ನೆಲ್ಲ ಪೀಡನದ ಲೆಕ್ಕಕ್ಕೆ ಬರೆಯಲಾಗದು. ಆದರೂ ದುಬಾರಿ ದರ್ಜೆಯ ಉಕ್ಕಿನಿಂದ ಸಿಗುವ ಲಾಭವನ್ನು ಒರಟು ಜೋಡಣೆ ನುಂಗಿಹಾಕಬಲ್ಲದು. ನಷ್ಟ ತಗ್ಗಿಸಲು ಲೇಸರ್‌ನಿಂದ ಗೀರಿದ ಹಾಳೆಗಳಲ್ಲಿ ಈ ತೊಡಕು ಇನ್ನೂ ಬಿಗಿ: ಸಾಮಾನ್ಯ ಲೇಸರ್ ಗೀರಿನ ಉಪಯೋಗ ಅನೀಲಿಂಗ್‌ನಲ್ಲಿ ಅಳಿಸಿಹೋಗುವುದರಿಂದ ಕೆಟ್ಟ ಹಾಳೆಯನ್ನು ಕುಲುಮೆಗೆ ಹಾಕಿ ಸರಿಪಡಿಸುವಂತಿಲ್ಲ.

ಮೋಟಾರುಗಳಲ್ಲಿ ಪಂಚಿಂಗ್ ಹಾನಿ ಕಿರಿದಾದ ಹಲ್ಲುಗಳಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಬಿಸಿ ಮಾಡಿ ತೊಡಿಸಿದ ಹೊರಚಿಪ್ಪು ತಣಿದಾಗ ಸ್ಟೇಟರನ್ನು ಸುತ್ತಲೂ ಅದುಮುತ್ತದೆ.

ನಿಕಲ್–ಕಬ್ಬಿಣದ ಕರೆಂಟ್ ಟ್ರಾನ್ಸ್‌ಫಾರ್ಮರ್ ಕೋರ್ ಕೆಳಗೆ ಬಿದ್ದರೂ ಅದರ ಪಾರಗಮ್ಯತೆ ಕುಸಿಯಬಹುದು. ಹಾಗಾಗಿ ಅದನ್ನು ಮೆತ್ತೆಯಿಟ್ಟ ಡಬ್ಬಿಯಲ್ಲಿ ಕೂರಿಸಿ, ವೈಂಡಿಂಗ್‌ನ ಬಿಗಿತ ತಾಗದಂತೆ ಡಬ್ಬಿಯ ಹೊರಗೇ ತಂತಿ ಸುತ್ತುತ್ತಾರೆ. ಅಮಾರ್ಫಸ್ ಪಟ್ಟಿಯ ಕೋರ್‌ಗಳೂ ಪೀಡನಕ್ಕೆ ಬಹಳ ಸೂಕ್ಷ್ಮ. ಅನೀಲಿಂಗ್ ನಂತರ ಪಟ್ಟಿ ಪೆಡಸಾಗುವುದರಿಂದ ಅವನ್ನು ಬಿಗಿಯಾಗಿ ಕ್ಲ್ಯಾಂಪ್ ಮಾಡುವುದಿಲ್ಲ.